ಕತ್ತಿ ಮಡಚಿದ ಮೇಲಿನ ಮಾತು

ಬೆಳಗಿನ ಬೆಳಕು ಇನ್ನೂ ಕಿಟಕಿಯ ಸರಳು ದಾಟಿಲ್ಲ. ಹಾಸಿಗೆ ಹಿಡಿದ ಮುದುಕನನ್ನು ದಿಂಬಿಗೆ ಒರಗಿಸಿ, ಗಲ್ಲಕ್ಕೆ ನೊರೆ ಹಚ್ಚುತ್ತಿದ್ದಾರೆ ಕ್ಷೌರಿಕ. ಬೀದಿಯವರ ಬಾಯಲ್ಲಿ ಅವರು ನೊರೆಯಣ್ಣ. ಪಕ್ಕದ ಕೋಣೆಯಲ್ಲಿ ಗಡಗಡ ಎನ್ನುತ್ತಿದ್ದ ಹೊಲಿಗೆ ಯಂತ್ರ ಥಟ್ಟನೆ ನಿಲ್ಲುತ್ತದೆ. ಯಂತ್ರ ನಿಂತಿತೆಂದರೆ ಮುದುಕನ ಮಗಳ ಕಿವಿ ಇತ್ತ ತಿರುಗಿದೆ ಎಂದೇ ಲೆಕ್ಕ.

ಶಾಲಾ ಮಕ್ಕಳ ಸಮವಸ್ತ್ರ ಹೊಲಿದು ಮನೆ ನಡೆಸುವ ಆಕೆಗೆ ಈ ಕ್ಷೌರಿಕನ ಮೇಲೆ ಮೊದಲಿನಿಂದಲೂ ಗುಮಾನಿ. ಅಂಗಡಿ ತೆರೆಯುವ ಮುನ್ನ ದಿನಕ್ಕೆ ಮೂರೋ ನಾಲ್ಕೋ ರೋಗಿಗಳ ಮನೆಗೆ ತಾವೇ ಹೋಗುತ್ತಾರೆ. ನೀರಿನ ಬಿಸಿಯನ್ನು ಮೊದಲು ತಮ್ಮ ಮೊಣಕೈಗೆ ಸೋಕಿಸಿ ನೋಡುತ್ತಾರೆ. ಇಷ್ಟು ಒಳ್ಳೆಯತನ ಯಾರಿಗಾದರೂ ಸುಮ್ಮನೆ ಬರುತ್ತದೆಯೇ? ಯೇಸುವಿನ ಮಾತಾಡುತ್ತಾರಂತೆ ಎಂದು ಪಕ್ಕದ ಮನೆಯಾಕೆ ಕಿವಿಯೂದಿದ ಮೇಲಂತೂ ಮಗಳ ನೆಮ್ಮದಿ ಹಾರಿಹೋಗಿದೆ. ಪಾರ್ಶ್ವವಾಯು ಬಡಿದ ಅಪ್ಪ ಎದ್ದು ಹೋಗಲಾರ. ಯಾರು ಏನು ತಲೆಗೆ ತುಂಬಿದರೂ ಬಿದ್ದಲ್ಲೇ ಕೇಳಬೇಕು. ನಾಳೆಯಿಂದ ಬರಬೇಡಿ ಅಂದುಬಿಡೋಣವೆಂದರೆ, ತನಗೆ ಮುಖ ಕೊಟ್ಟು ಮಾತಾಡದ ಅಪ್ಪ ನಗುವುದು ಇವರೊಬ್ಬರು ಬಂದಾಗಲೇ. ಅದೂ ಆಕೆಗೆ ಹೊಟ್ಟೆಯುರಿ.

ಮೊನ್ನೆ ಬಾಗಿಲಲ್ಲೇ ಅಡ್ಡ ನಿಂತು, ಎಷ್ಟು ಜನರನ್ನು ನಿಮ್ಮ ಕಡೆ ಎಳೆದುಕೊಂಡಿದ್ದೀರಿ ಎಂದು ಕೇಳಿಯೇಬಿಟ್ಟಳು. ಕ್ಷೌರಿಕ ಮುಚ್ಚುಮರೆ ಮಾಡಲಿಲ್ಲ.

"ಎಳೆಯೋಕೆ ಹಗ್ಗ ಇಟ್ಕೊಂಡು ತಿರುಗಲ್ಲ ಅಕ್ಕಾ. ಹೆಂಡ್ತಿ ಹೋದಾಗ ಯೇಸು ನನ್ನ ಕೈ ಬಿಡ್ಲಿಲ್ಲ. ಹೇಗಪ್ಪಾ ತಡ್ಕೊಂಡೆ ಅಂತ ಯಾರಾದ್ರೂ ಕೇಳಿದ್ರೆ, ಇದ್ದದ್ದು ಹೇಳ್ತೀನಿ."

ಆಕೆ ನಂಬಲಿಲ್ಲ. ನಯವಾಗಿ ಮಾತಾಡಿ ಟೋಪಿ ಹಾಕಿದವರನ್ನು ಬೇಕಾದಷ್ಟು ಕಂಡಿದ್ದಾಳೆ.

ಇಂದು ಆಕೆ ಕಾದಿದ್ದ ಗಳಿಗೆ ಬಂದಿದೆ. ಕತ್ತಿ ಗಂಟಲ ಬಳಿ ಇರುವಾಗ ಅಪ್ಪನೇ ತೊದಲುತ್ತಾ ಕೇಳುತ್ತಾನೆ.

"ಕೆಲಸಕ್ಕೆ ಬಾರದ ನಾನು ನಿನ್ನ ಯೇಸುಗೆ ಯಾಕೆ ಬೇಕು?"

ಈಗ ಸಿಕ್ಕಿಬಿದ್ದರು ಎಂದುಕೊಂಡು ಮಗಳು ಬಾಗಿಲ ಸಂದಿಗೆ ಬರುತ್ತಾಳೆ. ಕ್ಷೌರಿಕ ಮೊದಲು ಉಳಿದ ಕೆನ್ನೆ ಮುಗಿಸುತ್ತಾರೆ, ಮುಖ ಒರೆಸುತ್ತಾರೆ, ಕತ್ತಿ ತೊಳೆದು ಮಡಚಿ ಪೆಟ್ಟಿಗೆಗೆ ಹಾಕಿ ಮುಚ್ಚಳ ಒತ್ತುತ್ತಾರೆ. ಆಮೇಲೆ ಬಾಗಿಲ ಕಡೆ ತಿರುಗಿ ಆಕೆಯನ್ನು ಒಳಗೆ ಕರೆಯುತ್ತಾರೆ.

ಕೇಳಿದಾಗಲೇ ಯಾಕೆ ಹೇಳಲಿಲ್ಲ ಎಂಬುದು ಆಕೆಯ ಮೊದಲ ಪ್ರಶ್ನೆ.

"ಗಂಟ್ಲ ಮೇಲೆ ಕತ್ತಿ ಇದ್ದಾಗ ಯಾರು ತಾನೇ ಬೇಡ ಅಂತಾರೆ ಅಕ್ಕಾ? ಹೂಂ ಅಂತಾರೆ. ಅಂಥ ಹೂಂ ನಂಗೂ ಬೇಡ, ಯೇಸುಗೂ ಬೇಡ."

ಆಮೇಲೆ ಮುದುಕನನ್ನು ಕೇಳುತ್ತಾರೆ, ಈಗ ಹೇಳಲೋ, ಬೇಡವೋ ಎಂದು. ಅಪ್ಪ ಮಗಳನ್ನು ನೋಡುತ್ತಾನೆ. ಎಷ್ಟೋ ದಿನಗಳ ಮೇಲೆ ನೇರವಾಗಿ ನೋಡುತ್ತಿದ್ದಾನೆ.

"ನೀನೂ ಕೂತ್ಕೋ ಮಗಾ. ಆಮೇಲೆ ಹೇಳ್ಲಿ."

ಮಗಳು ಸ್ಟೂಲು ಎಳೆದು ಇಬ್ಬರ ನಡುವೆಯೇ ಹಾಕಿಕೊಂಡು ಕೂರುತ್ತಾಳೆ. ಗುಮಾನಿ ಹೋಗಿಲ್ಲ, ಅದು ಮುಖದ ಮೇಲೇ ಇದೆ. ಅಪ್ಪನ ಎಡಗೈ ತಡವರಿಸುತ್ತಾ ಬಂದು ಆಕೆಯ ಕೈ ಹಿಡಿಯುತ್ತದೆ. ಆಕೆ ಬಿಡಿಸಿಕೊಳ್ಳುವುದಿಲ್ಲ.

ಮಾತು ಶುರು ಮಾಡುವ ಮುನ್ನ ಕ್ಷೌರಿಕ ಆಕೆಯಲ್ಲಿ ಕೇಳಿಕೊಳ್ಳುವುದು ದೊಡ್ಡದೇನಲ್ಲ.

"ಸಂಶಯ ಇದ್ರೆ ಇರ್ಲಿ ಅಕ್ಕಾ. ದಿನಾ ಹೀಗೇ, ಇಲ್ಲೇ ಕೂತ್ಕೊಂಡು ಸಂಶಯಪಡಿ."