ಜೋಡಿ ಇಲ್ಲದ ಫೋಟೋಗಳು

ಬೆಳಕು ಹರಿಯುವ ಹೊತ್ತು. ಸ್ಟುಡಿಯೋದ ಶಟರ್ ಅರ್ಧ ಮಾತ್ರ ಎತ್ತಿದೆ. ಮದುವೆ ಮುಗಿಸಿ ಬಂದ ಫೋಟೋಗ್ರಾಫರ್‌ಗಳಿಬ್ಬರು ಮೆಮೊರಿ ಕಾರ್ಡ್‌ಗಳನ್ನು ಹಿಂದಿನ ಕೋಣೆಯ ಮೇಜಿನ ಮೇಲೆ ಇಸ್ಪೀಟಿನ ಎಲೆಗಳ ಹಾಗೆ ಎಸೆದು ಮನೆಗೆ ಹೋಗುತ್ತಾರೆ. ಇನ್ನು ಮುಂದಿನದು ಫೋಟೋಗಳನ್ನು ಡಿಸ್ಕಿಗೆ ತುಂಬಿಡುವ, ಎಲ್ಲರ ಬಾಯಲ್ಲಿ ಡಿಸ್ಕ್ ಅಕ್ಕ ಆಗಿರುವವರ ಪಾಡು. ಕಿಟಕಿಯಿಲ್ಲದ ಆ ಕೋಣೆಯಲ್ಲಿ ಕನ್ನಡಕ ಒರೆಸಿಕೊಂಡು ಅವರು ಮೊದಲ ಕಾರ್ಡ್ ತೂರಿಸುತ್ತಾರೆ. ಪರದೆಯ ಮೇಲೆ ಕೆಂಪು ಪಟ್ಟಿ ಮೂಡುತ್ತದೆ: ಜಾಗವಿಲ್ಲ.

"ಬೆಳಗಾದ್ರೆ ಇದರ ಮುಖಾನೇ ನೋಡೋದು. ಇನ್ನೆಲ್ಲಿ ಉದ್ಧಾರ ಆಗೋದು ಹೇಳಿ" ಎನ್ನುತ್ತಾರೆ.

ಒಂದು ಮದುವೆಗೆ ನಾಲ್ಕೈದು ಸಾವಿರ ಫೋಟೋ, ಒಂದೊಂದೂ ಆನೆಗಾತ್ರದ ಫೈಲ್. ಆಲ್ಬಮ್ಮಿಗೆ ಹೋಗುವುದು ಇನ್ನೂರೂ ಇಲ್ಲ. ಉಳಿದದ್ದನ್ನು ಎಲ್ಲಿಡುವುದು ಎಂಬುದು ತೆಗೆದವರ ತಲೆನೋವಲ್ಲ. ಹೊಸ ಕ್ಯಾಮೆರಾ ಬಂದಾಗ ಮಾಲೀಕರು ಬೀದಿಗೆಲ್ಲ ತೋರಿಸಿಕೊಂಡು ಬರುತ್ತಾರೆ. ಹೊಸ ಡಿಸ್ಕ್ ಕೇಳಿದರೆ ಮಾತ್ರ ಪುಣ್ಯಾತ್ಮರಿಗೆ ಕಿವಿ ಕೇಳಿಸುವುದಿಲ್ಲ. ಅದರ ಬದಲು ಒಂದು ನಿಯಮ ಮಾಡಿಟ್ಟಿದ್ದಾರೆ. ಮದುಮಕ್ಕಳಿರುವ ಫೋಟೋ ಪೂರ್ತಿ ಗಾತ್ರದಲ್ಲೇ ಉಳಿಯಬೇಕು. ಜೋಡಿ ಇಲ್ಲದ್ದನ್ನು ಕುಗ್ಗಿಸಿ, ಮೂಲವನ್ನು ಅಳಿಸಬೇಕು. ಕುಗ್ಗಿಸಿದ್ದು ಮೊಬೈಲಿನಲ್ಲಿ ನೋಡಲು ಸಾಕು, ಗೋಡೆಗೆ ಹಾಕುವಷ್ಟು ದೊಡ್ಡದು ಮಾಡಿದರೆ ಮುಖವೆಲ್ಲ ಚೌಕ ಚೌಕವಾಗುತ್ತದೆ.

ಫಿಲ್ಮ್ ತೊಳೆಯುವ ಕಾಲದಲ್ಲಿ ಇಲ್ಲಿಗೆ ಬಂದವರು ಡಿಸ್ಕ್ ಅಕ್ಕ. ಕಂಪ್ಯೂಟರ್ ಬಂದಾಗ ಜೊತೆಯವರೆಲ್ಲ ಮನೆ ಸೇರಿದರು, ಇವರು ಹಟ ಹಿಡಿದು ಕಲಿತು ಉಳಿದುಕೊಂಡರು. ಪರದೆ ನೋಡಿ ನೋಡಿ ಈಗ ಕತ್ತುನೋವಿನ ಪಟ್ಟಿ ಬಂದಿದೆ. ಆಲ್ಬಮ್ಮಿನ ಕೊನೆಯ ಪುಟದಲ್ಲಿ ದೀಪ ಹಿಡಿದವನ ಹೆಸರೂ ಚಿನ್ನದ ಅಕ್ಷರದಲ್ಲಿರುತ್ತದೆ, ಇವರದ್ದಿಲ್ಲ. "ಅಳಿಸೋಳ ಹೆಸರು ಯಾರಿಗೆ ಬೇಕು?"

ಇವರ ತಮ್ಮನ ಮದುವೆಯ ಫೋಟೋಗಳನ್ನೂ ತೆಗೆದದ್ದು ಇದೇ ಸ್ಟುಡಿಯೋ. ಗುಂಪಿನ ಫೋಟೋದಲ್ಲಿ ಅಪ್ಪ ಕಣ್ಣು ಮುಚ್ಚಿಕೊಂಡಿದ್ದಾರೆ. ಗುರುತಿನ ಚೀಟಿಯಲ್ಲಂತೂ ಸಿಕ್ಕಿಬಿದ್ದ ಕಳ್ಳನ ಹಾಗೆ ಕಾಣುತ್ತಾರೆ. ಮನಸಾರೆ ನಕ್ಕಿದ್ದು ಒಂದೇ ಒಂದರಲ್ಲಿ: ಊಟದ ಹಾಲ್‌ನಲ್ಲಿ ನೀರಿನ ಜಗ್ ಹಿಡಿದು ಯಾರನ್ನೋ ಗೋಳು ಹುಯ್ದುಕೊಳ್ಳುತ್ತಿರುವ ಫೋಟೋ. ಅದರಲ್ಲಿ ಜೋಡಿ ಇರಲಿಲ್ಲ.

"ಇನ್ನೊಂದು ಮದುವೆಯ ಮೆಮೊರಿ ಕಾರ್ಡ್ ಬಂದು ಕೂತಿತ್ತು, ಮಾಲೀಕ್ರು ಬಾಗ್ಲಲ್ಲೇ ನಿಂತಿದ್ರು. ಜೋಡಿ ಇರೋದನ್ನ ಬೇರೆ ಮಾಡಿ, ಮಿಕ್ಕಿದ್ದನ್ನ ಒಟ್ಟಿಗೆ ಕುಗ್ಗಿಸಿಬಿಟ್ಟೆ. ತೆರೆದು ನೋಡ್ಲಿಲ್ಲ. ತಮ್ಮನ ಹತ್ರ ಹೇಗೂ ಒಂದು ಪ್ರತಿ ಇರುತ್ತಲ್ಲ ಅಂದ್ಕೊಂಡೆ."

ತಮ್ಮನ ಹತ್ತಿರ ಇರಲಿಲ್ಲ. ಅಕ್ಕ ಅಲ್ಲೇ ಕೂತಿರುವಾಗ ಫೋಟೋ ಎಲ್ಲಿಗೆ ಹೋಗುತ್ತದೆ ಎಂದು ಅವನು ಪ್ರತಿಯನ್ನೇ ತೆಗೆದುಕೊಂಡಿರಲಿಲ್ಲ.

ಹೋದ ವರ್ಷ ಅಪ್ಪ ತೀರಿಕೊಂಡರು. ಗೋಡೆಗೆ ಆ ನಗುವ ಫೋಟೋವೇ ಬೇಕೆಂದು ಅಮ್ಮ ಹಟ ಹಿಡಿದರು. ಡಿಸ್ಕ್ ಅಕ್ಕ ತಮಗೆ ಗೊತ್ತಿದ್ದ ವಿದ್ಯೆಯನ್ನೆಲ್ಲ ಉಪಯೋಗಿಸಿ ಅದನ್ನು ದೊಡ್ಡದು ಮಾಡಿ, ಚೌಕಟ್ಟು ಹಾಕಿಸಿ ಒಯ್ದರು. ಅಮ್ಮ ಅದನ್ನು ಹತ್ತಿರ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು.

"ಇದ್ಯಾರೇ?" ಎಂದರು.

ತಮ್ಮ ಅವತ್ತಿನಿಂದ ಮಾತು ಬಿಟ್ಟಿದ್ದಾನೆ. ಮಾಲೀಕರಿಗೆ ಹೇಳಿಕೊಂಡರೆ, "ನಿಯಮ ಎಲ್ಲರಿಗೂ ಒಂದೇ ಅಲ್ವೇನಮ್ಮ" ಎಂದು ಫೋನ್ ಎತ್ತಿಕೊಂಡರಂತೆ. ಹೊಟ್ಟೆ ಉರಿಯದೆ ಇರುತ್ತದೆಯೇ?

ಈಗ ಅವರು ಒಂದೊಂದನ್ನೂ ತೆರೆದು ನೋಡುತ್ತಾರೆ. ಯಾರದೋ ಸೋದರಮಾವ ಕುರ್ಚಿಯಲ್ಲಿ ತೂಕಡಿಸುತ್ತಿದ್ದಾರೆ. ಯಾರದೋ ಅಜ್ಜಿ ಮೊಮ್ಮಗುವಿನ ಮೂಗು ಒರೆಸುತ್ತಿದ್ದಾರೆ. ನೋಡಿ, ಆಮೇಲೆ ಕುಗ್ಗಿಸುತ್ತಾರೆ. ಮಾಡದೆ ಇದ್ದರೆ ಜಾಗ ಎಲ್ಲಿಂದ ಬರಬೇಕು?

ಇಷ್ಟು ವರ್ಷದ ಕೆಲಸದ ಬಗ್ಗೆ ಏನನ್ನಿಸುತ್ತದೆ ಎಂದರೆ, ಪರದೆಯಿಂದ ಕಣ್ಣು ತೆಗೆಯದೆ ಹೇಳುತ್ತಾರೆ: "ಒಬ್ಬ ಮದುಮಗಳ ಫೋಟೋನೂ ನನ್ನ ಕೈಯಲ್ಲಿ ಹಾಳಾಗಿಲ್ಲ. ಬೇಕಾದ್ರೆ ಯಾರನ್ನಾದ್ರೂ ಕೇಳಿ. ಹಾಳಾಗಿದ್ದು ನಮ್ಮಪ್ಪಂದೊಂದೇ."