ತಮ್ಮನಿಗೆ ಹೇಳಿದ ಹಿಮದ ಕಾದಂಬರಿ

ಆ ಬೇಸಿಗೆಯಲ್ಲಿ ನನ್ನ ತಮ್ಮ ಉಸಿರಾಡುತ್ತಿದ್ದುದು ಡಯಾಲಿಸಿಸ್‌ನ ಬಲದಿಂದ. ವಾರಕ್ಕೆರಡು ಸಲ ದೇವದುರ್ಗದಿಂದ ರಾಯಚೂರಿಗೆ ಹೋಗಿ ರಕ್ತ ಶುದ್ಧ ಮಾಡಿಸಿಕೊಂಡು ಬರಬೇಕು. ಕಿಡ್ನಿ ಎರಡೂ ಕೆಟ್ಟಿದ್ದರಿಂದ ಕುಡಿದ ನೀರು ಹೊರಗೆ ಹೋಗುತ್ತಿರಲಿಲ್ಲ. ಮೊದಲು ಕಾಲಿಗೆ ಇಳಿಯುತ್ತಿತ್ತು, ಹೆಚ್ಚಾದರೆ ಎದೆಗೆ ತುಂಬುತ್ತಿತ್ತು. ದಿನಕ್ಕೆ ಎರಡು ಲೋಟಕ್ಕಿಂತ ಜಾಸ್ತಿ ಬೇಡ ಎಂದು ಡಾಕ್ಟರು ಹೇಳಿದ್ದರು. ಅದೂ ನಮ್ಮ ಕಡೆಯ ಮೇ ತಿಂಗಳಲ್ಲಿ.

ನಾನು ಮಾನ್ವಿಯ ಕಾಲೇಜೊಂದರಲ್ಲಿ ಪಾಠ ಹೇಳುವವಳು. ರಜೆಗೆ ಬರುವಾಗ ಅಲ್ಲಿನ ಲೈಬ್ರರಿಯಿಂದ ಒಂದು ಇಂಗ್ಲಿಷ್ ಕಾದಂಬರಿ ತಂದಿದ್ದೆ. ಉತ್ತರ ಧ್ರುವದ ಹತ್ತಿರ ಒಂದು ಸಣ್ಣ ವಿಮಾನ ಬಿದ್ದು, ಹಿಮದ ಬಯಲಿನಲ್ಲಿ ಒಬ್ಬನೇ ಉಳಿದವನ ಕಥೆ. ರೇಡಿಯೊ ಸತ್ತಿದೆ. ಬೆಳಗಾದರೆ ಗುಡಾರದ ಸುತ್ತ ಬೇರೆ ಯಾರದೋ ಹೆಜ್ಜೆ ಮೂಡಿರುತ್ತದೆ. ನಾನು ಓದಿಕೊಂಡು, ನಮ್ಮ ಮಾತಿನಲ್ಲಿ ತಮ್ಮನಿಗೆ ಹೇಳುತ್ತಿದ್ದೆ. ಅವನನ್ನು ಸಮಾಧಾನಪಡಿಸಲು ಶುರುಮಾಡಿದೆ ಎಂದು ಈಗ ಅನಿಸುತ್ತದೆ. ನಿಜವಾಗಿ, ಅವನ ಪಕ್ಕ ಸುಮ್ಮನೆ ಕೂಡಲು ಆಗದೆ ಶುರುಮಾಡಿದೆನೋ ಏನೋ.

ಹಸಿ ಹಿಮ ತಿಂದರೆ ಮೈಯ ಕಾವು ಇಳಿದು ಸಾಯುತ್ತಾನೆ, ಕರಗಿಸಿಯೇ ಕುಡಿಯಬೇಕು, ಕರಗಿಸಲು ಎಣ್ಣೆ ಇಲ್ಲ ಎಂಬಲ್ಲಿಗೆ ಕಥೆ ಬಂದಾಗ ತಮ್ಮ ನಕ್ಕ.

"ಸುತ್ತ ಬರ್ಫ ಇಟ್ಕೊಂಡು ಬಾಯಾರಿ ಸಾಯಾಕತ್ತಾನಲ್ಲ ಯಕ್ಕಾ. ಇವ ನಮ್ಮ ವಾರ್ಡಿನವನ ಇರಬೇಕು."

ಆಮೇಲೆ ಅವನು ದಿನಾ ಕೇಳುತ್ತಿದ್ದುದು ಒಂದೇ: ಅವ ಉಳಿತಾನೋ ಇಲ್ಲೋ. ಕೊನೆಯ ಪುಟ ಮುಂಚೆಯೇ ನೋಡಬಾರದೆಂದು ನನಗೆ ತಾಕೀತು ಮಾಡಿದ್ದವನೂ ಅವನೇ.

ಆ ವಾರ ಆಸ್ಪತ್ರೆಯಲ್ಲಿ ಮಷೀನು ಕೆಟ್ಟು ಅವನ ಸರದಿ ಮುಂದೆ ಹೋಯಿತು. ನೀರನ್ನು ಇನ್ನೂ ಕಡಿಮೆ ಮಾಡಿದೆವು. ಆದರೂ ಕಾಲು ಊದುತ್ತಲೇ ಹೋದವು. ಒಂದು ಬೆಳಿಗ್ಗೆ ಅವನಿಗೆ ಮಲಗಲು ಆಗಲಿಲ್ಲ. ಗೋಡೆಗೆ ಒರಗಿ ಕೂತು ಬಾಯಿಂದ ಉಸಿರು ಎಳೆಯತೊಡಗಿದ. ಎಷ್ಟು ನೀರು ಕೊಟ್ಟೆ ಎಂದು ಅವ್ವನನ್ನು ಕೇಳಿದೆ. ಎರಡು ಲೋಟದ ಮೇಲೆ ಹನಿ ಕೊಟ್ಟಿಲ್ಲ ಎಂದು ಆಣೆ ಮಾಡಿದಳು. ಒಲೆಯ ಪಕ್ಕದ ಗಡಿಗೆ ನೋಡಿದರೆ ತಳದಲ್ಲಿ ಜೋಳದ ಅಂಬಲಿ.

"ಅಂಬ್ಲಿ ನೀರೇನು? ಅದು ಊಟ ಬೇ," ಎಂದಳು ಅವ್ವ. "ನಿಮ್ಮಪ್ಪ ಬರೇ ಅದನ್ನ ಕುಡದು ದಿನವೆಲ್ಲಾ ಕಲ್ಲು ಹೊತ್ತಾನ. ಹಸದ ಮಗಗ ಊಟ ಬ್ಯಾಡ ಅಂತ ಯಾವ ಡಾಕ್ಟರ್ ಹೇಳ್ಯಾನ?"

ಮಜ್ಜಿಗೆ ಬೆರೆಸಿದ ನೀರಂಬಲಿ. ಹೊತ್ತುಹೊತ್ತಿಗೆ ಒಂದೊಂದು ಚಂಬು. ನಮ್ಮ ಮನೆಯಲ್ಲಿ ಯಾರೂ ಅದನ್ನು ನೀರಿನ ಲೆಕ್ಕಕ್ಕೆ ಸೇರಿಸಿದ್ದಿಲ್ಲ.

ಓಣಿಯವರ ಕಾರು ಮಾಡಿಕೊಂಡು ರಾಯಚೂರಿಗೆ ಹೊರಟೆವು. ಗಬ್ಬೂರು ಮುಟ್ಟುವಷ್ಟರಲ್ಲಿ ತಮ್ಮ ಕಾರು ನಿಲ್ಲಿಸಲು ಕೈ ಮಾಡಿದ. ಒಳಗೆ ಉಸಿರು ಕಟ್ಟುತ್ತದೆ, ಗಾಳಿಗೆ ಕೂಡಬೇಕು. ಬೇವಿನ ಮರದ ಕೆಳಗೆ ಕೂಡಿಸಿದೆವು. ಬಸ್ಸಿಗೆ ಕಾಯುತ್ತಿದ್ದವರು ಸುತ್ತ ನಿಂತರು. ಬಿಸಿಲಿಗೆ ತಲೆ ತಿರುಗಿ ಬಿದ್ದವನೆಂದುಕೊಂಡು ಒಬ್ಬಾಕೆ ಓಡಿಹೋಗಿ ತಂಬಿಗೆಯಲ್ಲಿ ನೀರು ತಂದಳು. ನಮ್ಮ ಕಡೆ ನೀರು ಕೊಡಲು ಯಾರೂ ಯಾರನ್ನೂ ಕೇಳುವುದಿಲ್ಲ. ನಾನು ಅಡ್ಡ ಕೈ ಹಿಡಿದೆ.

"ಎಂಥ ಹೆಣ್ಮಗಳು ಬೇ ನೀ. ಹಿಂಗ ತೇಕಾಕತ್ತವಗ ನೀರು ಬ್ಯಾಡ ಅಂತೀ."

ಅಷ್ಟರಲ್ಲಿ ತಂಬಿಗೆ ತಮ್ಮನ ಕೈಯಲ್ಲಿತ್ತು. ತುಟಿಯ ಹತ್ತಿರ ಹಿಡಿದು ನನ್ನನ್ನೇ ನೋಡಿದ.

"ಅವ ಉಳಿತಾನೇನ್ ಯಕ್ಕಾ?"

ನಾನಿನ್ನೂ ಪುಸ್ತಕ ಮುಗಿಸಿರಲಿಲ್ಲ. "ಉಳಿತಾನ" ಎಂದೆ. ಹಾಗೆಂದೆನೆಂದು ನಾನು ನಂಬಿಕೊಂಡಿದ್ದೇನೆ. ನೀ ಏನೂ ಅನ್ನಲಿಲ್ಲ, ಬರೇ ಅಳಾಕತ್ತಿದ್ದಿ ಎಂದು ತಮ್ಮ ಹೇಳುತ್ತಾನೆ. ಅಂದಿನ ದಿನಚರಿಯಲ್ಲಿ ಆ ಮಾತಿಲ್ಲ, ಸೆಕೆಯ ಬಗ್ಗೆ ಏನೋ ಗೀಚಿದ್ದೇನೆ. ಯಾರ ನೆನಪು ಸರಿ ಎಂದು ತೀರ್ಮಾನಿಸುವ ಧೈರ್ಯ ನನಗಿಲ್ಲ. ಅವನು ಆ ನೀರನ್ನು ತಲೆಯ ಮೇಲೆ ಸುರಿದುಕೊಂಡದ್ದು ಮಾತ್ರ ನಿಜ. ಅವನ ಅಂಗಿಯ ಒದ್ದೆ ರಾಯಚೂರಿನ ತನಕ ನನ್ನ ಭುಜಕ್ಕೆ ತಾಗುತ್ತಿತ್ತು.

ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿದರು. ಕೆಟ್ಟ ಮಷೀನು ಹಾಗೇ ಇತ್ತು. ಇನ್ನೊಂದು ಖಾಲಿಯಾಗುವ ತನಕ ಬಾಗಿಲ ಹೊರಗೆ ನಿಂತು ಅವನ ಉಸಿರು ಕೇಳಿಸಿಕೊಂಡೆವು. ಕೇಳಿಸದಿದ್ದಾಗ ಅವ್ವ ನನ್ನ ಕೈ ಹಿಂಡುತ್ತಿದ್ದಳು. ಕೊನೆಗೆ ಒಳಗೆ ಕರೆದುಕೊಂಡರು. ಸಂಜೆಗೆ ಅವನು ಒಂದು ದಿಂಬಿನ ಮೇಲೆ ತಲೆಯಿಟ್ಟು ಮಲಗುವಂತಾದ.

ಈ ಸಲ ಪಾರಾದ, ಗುರುವಾರ ತಪ್ಪಿಸಬೇಡಿ ಎಂದರು ನರ್ಸ್. ಗುರುವಾರದ ನಂತರ ಏನು ಎಂದು ಅವ್ವ ಕೇಳಿದಳು. ಸೋಮವಾರ, ಎಂದರು. ಅದರ ನಂತರ ಎಂದು ಅವ್ವ ಮತ್ತೆ ಕೇಳಲಿಲ್ಲ. ಮಗ ಬೆಳಗಿನಿಂದ ಉಂಡಿಲ್ಲ ಎಂಬುದೊಂದೇ ಅವಳ ತಲೆಯಲ್ಲಿತ್ತು.

"ಒಣ ರೊಟ್ಟಿ ಕೊಡ್ಲೇನ್ರಿ?"

"ಕೊಡ್ರಿ. ಮ್ಯಾಲೆ ನೀರು ಕೊಡಬ್ಯಾಡ್ರಿ."

ಅವ್ವ ಗಂಟು ಬಿಚ್ಚಿ ಖಡಕ್ ರೊಟ್ಟಿಯ ಚೂರೊಂದನ್ನು ಅವನ ಬಾಯಿಗಿಟ್ಟಳು. ಅವನು ಅಗಿದ, ಬಹಳ ಹೊತ್ತು ಅಗಿಯುತ್ತಲೇ ಇದ್ದ. ನಾವಿಬ್ಬರೂ ಅವನ ಗಂಟಲನ್ನೇ ನೋಡುತ್ತ ಕೂತೆವು.