ಸಮುದ್ರದ ಮೂಲೆಗೆ ಅರಿಷಿಣ

ಬೆಟಗೇರಿಯ ಅಂದಪ್ಪನ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಯಿಂದ ಮೂವತ್ತು ವರ್ಷಗಳಲ್ಲಿ ಒಂದೇ ಒಂದು ಲಗ್ನಪತ್ರಿಕೆಯೂ ಅವನ ಹೆಂಡತಿ ಶಾರದವ್ವನ ಬೆರಳು ಸೋಕದೆ ಹೊರಗೆ ಹೋದದ್ದಿಲ್ಲ. ಅವನು ಒತ್ತಿ ಒಣಗಿಸಿಟ್ಟದ್ದನ್ನು ಮುಂದೆ ಹರವಿಕೊಂಡು, ನಾಲ್ಕೂ ಮೂಲೆಗೆ ಅರಿಷಿಣ ಹಚ್ಚಿಯೇ ಅವಳು ಕಟ್ಟು ಕಟ್ಟುವಳು. ಮುಂಡರಗಿ, ಶಿರಹಟ್ಟಿ ಕಡೆಯ ಗಿರಾಕಿಗಳೂ "ಅವ್ವಾರು ಹಚ್ಚಿದ ಮ್ಯಾಲ ಕೊಡ್ರಿ, ನಮಗೇನ ಗಡಬಡಿ ಇಲ್ಲ" ಎಂದು ಕಾದು ಕೂಡುತ್ತಿದ್ದರು.

ಆ ಶುಕ್ರವಾರ ಅಂದಪ್ಪ ಪತ್ರಿಕೆ ಮುಟ್ಟಿಸಲು ಲಕ್ಷ್ಮೇಶ್ವರಕ್ಕೆ ಹೋಗಿದ್ದ. ಮೇಜಿನ ಮೇಲೆ ದಪ್ಪ ಹಾಳೆಗಳಿದ್ದವು. ಅಂಚಿನಿಂದ ಅಂಚಿಗೆ ನೀಲಿ, ಬೂದಿ, ನಡುವೆ ಒಂದು ಕೆಂಪು ಗೀಟು. ನೀರೆಂದರೆ ನೀರು, ಆಕಾಶವೆಂದರೆ ಆಕಾಶ. ಗಣಪತಿಯಿಲ್ಲ, ಒಂದಕ್ಷರವೂ ಇಲ್ಲ. ಇಷ್ಟು ಬೋಳಾಗಿ ಹೊಸ್ತಿಲು ದಾಟಿಸುವುದು ಹೇಗೆಂದು ಅವಳಿಗೆ ಕಸಿವಿಸಿಯಾಯಿತು. ಅರಿಷಿಣದ ಬಟ್ಟಲು ತಂದು ಕೂತಳು.

ಮರಳಿ ಬಂದ ಅಂದಪ್ಪ ಬಾಗಿಲಲ್ಲೇ ನಿಂತುಬಿಟ್ಟ. ಕೈಚೀಲ ಜಾರಿ ಬಿತ್ತು.

"ಎಷ್ಟಕ್ಕ ಹಚ್ಚಿದಿ?"

"ಎಲ್ಲಾಕ್ಕೂ. ಯಾಕ್ರಿ, ತೆಳ್ಳಗಾತೇನು?"

ಅವನು ಮೇಜಿನ ಬಳಿ ಬಂದು ಹಾಳೆಗಳ ಮೂಲೆ ನೋಡಿದ. "ಹೊನ್ನಾವರದ ಕಾವೇರಿ ಮೇಡಮ್ಮಾರ ಚಿತ್ರ ಅದು. ಅವರೂರ ಸಮುದ್ರ. ಮೂವತ್ತ ಹಾಳಿ ಅಷ್ಟ, ಮೂವತ್ತೊಂದನೇದ್ದು ಆಗಬಾರದು ಅಂತ ಐದು ಬಣ್ಣದ ಐದೂ ಸ್ಕ್ರೀನ್ ಅವರ ಕಣ್ಣ ಮುಂದನ ತೊಳದು ಅಚ್ಚು ಅಳಿಸೀನಿ. ನಾಳೆ ಸಹಿ ಹಾಕಾಕ ಬರ್ತಾರ."

ಶಾರದವ್ವ ನೀರಿನ ಕೊಡದತ್ತ ಓಡಿದಳು. ಒದ್ದೆ ಬಟ್ಟೆಯಿಂದ ಒಂದು ಮೂಲೆ ಒರೆಸಿದಳು; ಹಳದಿ ಹರಡಿ ನೀಲಿಯ ಮೇಲೆಲ್ಲ ಕೂತಿತು. ಇಷ್ಟು ವರ್ಷ ಶುಭವೆಂದು ಮಾಡಿದ ಕೈಯೇ ಗಂಡನ ಹೆಸರಿಗೆ ಮಸಿ ಬಳಿಯಿತಲ್ಲ. ಇನ್ನು ಅವನನ್ನು ನಂಬಿ ಯಾರು ಇಂಥ ಕೆಲಸ ಕೊಟ್ಟಾರು?

ಮರುದಿನ ಕಾವೇರಿ ಬಂದು ಹಾಳೆಗಳನ್ನು ನೋಡಿದಳು. ಹಿಡಿದ ಪೆನ್ಸಿಲ್ ಹಿಡಿದಂತೆಯೇ ಉಳಿಯಿತು.

"ತಪ್ಪು ನಂದ್ರಿ, ಹೇಳಿ ಹೋಗಲಿಲ್ಲ" ಎಂದ ಅಂದಪ್ಪ.

"ಹಚ್ಚಿದಾಕಿ ನಾನು. ನೀವ ಸುಮ್ನಿರ್ರಿ" ಎಂದಳು ಶಾರದವ್ವ.

ಕಾವೇರಿ ಹಾಳೆಗಳನ್ನು ಒಂದೊಂದಾಗಿ ತಿರುವಿ ನೋಡಿ ಹೇಳಿದಳು: "ಕೆಟ್ಟದ್ದನ್ನು ಹರಿದು ಹಾಕಬೇಕು. ನಮ್ಮ ಕೆಲಸದ ನಿಯಮ. ಮೂವತ್ತೂ ಇಲ್ಲವಾದರೆ ಮತ್ತೆ ಮೂವತ್ತು ಒತ್ತಬಹುದು. ಮೂಲ ಚಿತ್ರ ನನ್ನ ಹತ್ತಿರ ಇದೆ."

ಅಂದಪ್ಪ ಒಂದು ಹಾಳೆ ಎತ್ತಿದ. ಶಾರದವ್ವ ಅದರ ಮೇಲೆ ಅಂಗೈ ಊರಿದಳು. "ಅರಿಷಿಣ ಹಚ್ಚಿದ್ದನ್ನ ಹರಿಬಾರದ್ರಿ ತಂಗಿ. ನೀರಿಗೆ ಬಿಡೂಣು. ಒಂದೂ ಉಳಸಂಗಿಲ್ಲ, ನೀವ ಎಣಸ್ರಿ."

ಹಿತ್ತಲಲ್ಲಿ ನೀರು ತುಂಬಿಡುವ ಕಲ್ಲಿನ ದೋಣಿಯಲ್ಲಿ ಮೂವತ್ತೂ ಮುಳುಗಿದವು. ಕಾವೇರಿ ಪಕ್ಕದಲ್ಲೇ ನಿಂತು ಎಣಿಸಿದಳು. ಎರಡು ದಿನದಲ್ಲಿ ಕಾಗದ ಮೆತ್ತಗಾಗಿ, ಬಣ್ಣ ತೆಳುವಾದ ಸಿಪ್ಪೆಯಂತೆ ಬಿಟ್ಟು ಮೇಲೆ ತೇಲಿತು. ಸಮುದ್ರವನ್ನೇ ಕಾಣದ ಶಾರದವ್ವ ದೋಣಿಯ ಮೇಲೆ ಬಗ್ಗಿದವಳು, ಅದರಲ್ಲಿ ನಿಜದ ಸಮುದ್ರವೇ ಅಲುಗಾಡಿದಂತೆ ಕಂಡು ಬೆಚ್ಚಿ ಹಿಂದೆ ಸರಿದಳು.

ತಿಂಗಳ ಮೇಲೆ ಹೊಸ ಮೂವತ್ತು ಹಾಳೆ ತಯಾರಾದವು. ಕಾವೇರಿ ಅವುಗಳಿಗೆ ಸಹಿ ಹಾಕುವಷ್ಟು ಹೊತ್ತೂ ಶಾರದವ್ವ ಎರಡೂ ಕೈಗಳನ್ನು ತೊಡೆಯಡಿಗಿಟ್ಟುಕೊಂಡು ಕೂತಿದ್ದಳು. ಬೋಳು ಹಾಳೆಗಳು ಹೊಸ್ತಿಲು ದಾಟಿದಾಗ ಅವಳ ಕಣ್ಣು ಅರಿಷಿಣದ ಬಟ್ಟಲಿನತ್ತ ಹೋಯಿತು.